ನಾವಿಕನ ಗಾಯವೂ ಶಾಸನವೂ

ಕುರುಗೋಡಿನವರಾದ ನಾವು ಬೆಟ್ಟದ ಬುಡದಲ್ಲಿರುವವರು. ನಾವಿಕರ ನ್ಯಾಯದ ಮಾತು ನಮಗೇತಕ್ಕೆಂದು ವಾಚಕರು ಕೇಳಬಹುದು. ಸಿರುಗುಪ್ಪದ ಕಡೆಗೆ ನಡೆದರೆ ತುಂಗಭದ್ರೆಯುಂಟು; ಹೊಳೆಯಿದ್ದಲ್ಲಿ ಅಂಬಿಗನುಂಟು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು ಆನೆಗೊಂದಿಗೆ ಜನರನ್ನು ದಾಟಿಸುತ್ತಿದ್ದ ಹರಿಗೋಲುಗಳನ್ನು ವರ್ಣಿಸಿರುವನು: ಬುಟ್ಟಿಯ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನರನ್ನೂ, ಕುದುರೆ ಎತ್ತುಗಳನ್ನೂ ಹೊರುವಂಥವು. ಹುಟ್ಟು ಹಾಕುವವನ ಕೈ ಬಂಡೆಗೂ ಹರಿಗೋಲಿಗೂ ನಡುವೆ ಸಿಕ್ಕಿ ಜಜ್ಜಿಹೋದರೆ ಅವನ ಮನೆಯವರ ಗತಿಯೇನೆಂಬುದು ಪ್ರವಾಸಿಯ ವಿಚಾರವಾಗಿರಲಿಲ್ಲ.

ನಮ್ಮ ಶಾಸ್ತ್ರಕಾರರಾದರೂ ವಿಚಾರಿಸಿದರೋ? ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಅಂಬಿಗರ ಅಪರಾಧದಿಂದ ನಾವೆಯಲ್ಲಿದ್ದ ವಸ್ತು ಹಾಳಾದರೆ ಅವರೆಲ್ಲರೂ ಕೂಡಿ ತಂತಮ್ಮ ಪಾಲಿನಂತೆ ತೆರತಕ್ಕದ್ದು, ದೈವಿಕವಾದ ಆಪತ್ತಿಗೆ ದಂಡವಿಲ್ಲ, ಎಂದಿದೆ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಒಂದು ಹೆಜ್ಜೆ ಮುಂದೆ ಹೋಗಿ, ಆಳು ಸಲಕರಣೆಗಳು ಸಾಲದ, ದುರಸ್ತಿಯಿಲ್ಲದ ನಾವೆ ಕೆಟ್ಟರೆ ನಾವಧ್ಯಕ್ಷನೇ ನಷ್ಟವನ್ನು ತುಂಬಬೇಕೆನ್ನುತ್ತದೆ. ಹೊಣೆಯು ಅಂಬಿಗನಿಂದ ಅಧಿಕಾರಿಗೆ ಏರಿತು, ನಿಜ. ಎಣಿಕೆಗೆ ಬಂದುದು ಮಾತ್ರ ಸರಕೇ ಹೊರತು ಅಂಬಿಗನ ಅಂಗವಲ್ಲ. ರೋಗಿಯಾದ ಭೃತ್ಯನು ಸ್ವಸ್ಥನಾಗಿ ಒಪ್ಪಿದ ಕೆಲಸವನ್ನು ಮುಗಿಸಿದರೆ, ಬಹುಕಾಲ ಕಳೆದಿದ್ದರೂ ವೇತನಕ್ಕೆ ಅರ್ಹನೆಂದು ಮನುವು ಹೇಳಿರುವನು. ಸ್ವಸ್ಥನಾಗದಿದ್ದರೆ? ಪಾಠಶಾಲೆಯಲ್ಲಿ ನಾನು ಕೇಳಿದ ಈ ಪ್ರಶ್ನೆಗೆ ಗುರುಗಳು ನಕ್ಕು ಮುಂದಿನ ಶ್ಲೋಕಕ್ಕೆ ಹೋದರು. ನಮ್ಮ ನಾಡಿನ ಶಿಲಾಶಾಸನಗಳಲ್ಲಿ ಕಾದಿ ಮಡಿದವನ ಮನೆಯವರಿಗೆ ನೆತ್ತರುಕೊಡಗೆಯಾಗಿ ಭೂಮಿಯನ್ನು ಬಿಟ್ಟುದುಂಟು; ಅದು ಕತ್ತಿಯ ಋಣ, ಹುಟ್ಟಿನದಲ್ಲ.

ನನ್ನ ಬಾಲ್ಯದಲ್ಲಿ ಹೊಳೆಯ ದಡದಲ್ಲಿ ಒಂಟಿ ಕೈಯ ಅಂಬಿಗನೊಬ್ಬನಿದ್ದನು. ಸುಗ್ಗಿಯಲ್ಲಿ ರೈತರು ಅವನಿಗೆ ಕಣದ ಜೋಳವನ್ನು ಅಳೆದು ಕೊಡುತ್ತಿದ್ದರು. ಮಳೆ ಬಾರದ ವರ್ಷ ಅವನು ಕಣಕ್ಕೆ ಬರುತ್ತಲೇ ಇರಲಿಲ್ಲ. ದಯೆ ಬೆಳೆಯೊಡನೆ ಹೆಚ್ಚು ಕಡಮೆಯಾಗುವುದು, ಹಕ್ಕು ಹಾಗಲ್ಲ.

ಈ ಹಕ್ಕಿನ ಬೀಜವು ಸಮುದ್ರದ ಕಡೆಯಿಂದಲೇ ಬಂದುದು. ಫ್ರಾನ್ಸಿನ ಓಲೆರಾನ್ ದ್ವೀಪದ ಹೆಸರಿನ ಮಧ್ಯಯುಗದ ನಾವಿಕ ನಿಯಮಗಳಲ್ಲಿ, ನೌಕೆಯ ಸೇವೆಯಲ್ಲಿ ಗಾಯಗೊಂಡವನಿಗೆ ನೌಕೆಯ ವೆಚ್ಚದಿಂದಲೇ ಚಿಕಿತ್ಸೆಯಾಗಬೇಕು. ರೋಗಿಯನ್ನು ದಡಕ್ಕಿಳಿಸಿ ವಸತಿ, ದೀಪ, ಶುಶ್ರೂಷೆಗೊಬ್ಬರನ್ನು ಒದಗಿಸಬೇಕು. ಸತ್ತರೆ ಅವನಿಗೆ ಸಲ್ಲತಕ್ಕುದು ಹೆಂಡತಿಗೋ ಬಂಧುಗಳಿಗೋ ಸೇರಬೇಕು. ಅಪ್ಪಣೆಯಿಲ್ಲದೆ ದಡಕ್ಕೆ ಹೋಗಿ ಕುಡಿದು ಜಗಳವಾಡಿ ಗಾಯಮಾಡಿಕೊಂಡವನಿಗೆ ಇದಿಲ್ಲ!

ನಮ್ಮ ದೇಶದಲ್ಲಿ 1923ರ ಕಾರ್ಮಿಕರ ನಷ್ಟಪರಿಹಾರ ಶಾಸನವು 1924ನೆಯ ಜುಲೈ 1ರಿಂದ ಜಾರಿಗೆ ಬಂದಿತು. ಯಜಮಾನನ ತಪ್ಪನ್ನು ಸಾಧಿಸಬೇಕಾಗಿಲ್ಲ. ಕೆಲಸದ ನಿಮಿತ್ತ ಅಪಘಾತವಾಯಿತೆಂದರೆ ಸಾಕೆಂಬುದು ಅದರ ತಿರುಳು. ಹದಿನೈದನೆಯ ಪ್ರಕರಣವು ನಾವಿಕರಿಗೇ ಮೀಸಲು. ನಾವಿಕನು ಮೃತನಾದರೆ ಅರ್ಜಿಯ ಅವಧಿಯನ್ನು ಮರಣದ ದಿನದಿಂದಲ್ಲ, ಸುದ್ದಿಯು ಮನೆಗೆ ಮುಟ್ಟಿದ ದಿನದಿಂದ ಎಣಿಸತಕ್ಕದ್ದು. ನೌಕೆಯು ಎಲ್ಲರೊಡನೆ ಕಣ್ಮರೆಯಾದರೆ ಹದಿನೆಂಟು ತಿಂಗಳು. ಕಾಗದಕ್ಕಾಗಿ ಬಾಗಿಲಲ್ಲಿ ಕಾಯುವ ಹೆಂಗಸನ್ನು ನೆನೆದು ಬರೆದಂತಿದೆ ಈ ವಾಕ್ಯ.

ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಗೂ ಈ ಶಾಸನವು ಅನ್ವಯಿಸಿತು. ಹೊಳೆಯ ಆಚೆಯ ದಡ ನಿಜಾಮರದಾದುದರಿಂದ ಅಲ್ಲಿಗಿಲ್ಲ. 2025ನೆಯ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನಕ್ಕೆ ಬಂದಿತು. ಹಳೆಯ ಶಾಸನದ ಎರಡನೆಯ ಅನುಸೂಚಿಯಲ್ಲಿ, ಹತ್ತಕ್ಕಿಂತ ಹೆಚ್ಚು ಜನರನ್ನು ಹೊರಬಲ್ಲ ದಾಟುದೋಣಿಯನ್ನು ನಡೆಸುವ ಕೂಲಿಯವನೂ ಇದ್ದನು. ಪಾಯಿಸನು ಕಂಡಂಥ ಹರಿಗೋಲು ಆ ಅಳತೆಗೆ ಸಲ್ಲುವುದು. ಸ್ವಂತ ಹರಿಗೋಲಿನವನಿಗಾದರೋ ಯಜಮಾನನೇ ಇಲ್ಲದುದರಿಂದ, ಆ ಶಾಸನದ ಮೇರೆಗೆ ಪರಿಹಾರವನ್ನು ಕೇಳಲು ಎದುರಿಗೆ ಯಾರೂ ಇರಲಿಲ್ಲ.