ಚಲಚ್ಚಿತ್ರವೂ ಮನೋರೋಗಿಯೂ

ನಾಟ್ಯವು ದುಃಖದಿಂದಲೂ ಶ್ರಮದಿಂದಲೂ ಬಳಲಿದವರಿಗೆ ವಿಶ್ರಾಂತಿಯನ್ನು ಕೊಡತಕ್ಕದ್ದೆಂದು ಭರತಮುನಿಯು ತನ್ನ ಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿರುವನು. ಚರಕಸಂಹಿತೆಯು ಉನ್ಮಾದದ ಚಿಕಿತ್ಸೆಗೆ ಪ್ರತ್ಯೇಕವಾಗಿ ಒಂದು ಅಧ್ಯಾಯವನ್ನು ಮೀಸಲಿಟ್ಟು, ಔಷಧಗಳೊಡನೆ ಮಿತ್ರರ ಸಾಂತ್ವನವಾಕ್ಯವನ್ನೂ ಉಪಾಯವಾಗಿ ಎಣಿಸಿದೆ. ಆದರೆ ರೋಗಿಯನ್ನು ಬೆದರಿಸುವ ಉಪಾಯಗಳೂ ಅದೇ ಅಧ್ಯಾಯದಲ್ಲಿ ಉಂಟು. ಚಿತ್ತ ಕೆಟ್ಟವನ ವಿಷಯದಲ್ಲಿ ಲೋಕಕ್ಕೆ ಕರುಣೆ ಭಯಗಳೆರಡೂ ಒಟ್ಟಿಗೇ ಇದ್ದುವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವು ಬೇಕಿಲ್ಲ.

ಈಗ ಹಲವು ದೇಶಗಳಲ್ಲಿ, ಮನಸ್ಸಿನ ವ್ಯಾಧಿಗಳನ್ನು ಕುರಿತ ಕಿರುಚಿತ್ರಗಳನ್ನು ಊರವರ ಮುಂದೆ ಪ್ರದರ್ಶಿಸಿ, ದೀಪ ಹತ್ತಿದ ಮೇಲೆ ರೋಗವನ್ನು ಅನುಭವಿಸಿದವರೂ ಅವರ ಮನೆಯವರೂ ನೋಡಬಂದವರೂ ಕುಳಿತು ಮಾತನಾಡುವ ಉತ್ಸವಗಳು ನಡೆಯುತ್ತಿವೆ. ಇದು ಸಹಜವಾದ ಸತ್ಕಾರ್ಯವೆಂದು ತೋರುವುದು. ಆದರೆ ಚಲಚ್ಚಿತ್ರವು ಹುಟ್ಟಿದಂದಿನಿಂದ ಇಂತಹ ಉತ್ಸವವು ಏರ್ಪಡುವುದಕ್ಕೆ ಸುಮಾರು ನೂರು ವರ್ಷಗಳು ಹಿಡಿದುವು. ಆ ಕಾಲದಲ್ಲಿ ಬೆಳ್ಳಿತೆರೆಯು ಮನೋರೋಗಿಯನ್ನು ಹೇಗೆ ನಡೆಸಿಕೊಂಡಿತೆಂಬುದನ್ನು ತಿಳಿದಲ್ಲದೆ ಈ ಉತ್ಸವಗಳ ಬೆಲೆಯು ತಿಳಿಯಲಾರದು.

ಪ್ಯಾರಿಸ್ ನಗರದಲ್ಲಿ ಲೂಮಿಯೇರ್ ಸೋದರರು ಚಲಚ್ಚಿತ್ರವನ್ನು ಸಾರ್ವಜನಿಕರಿಗೆ ತೋರಿಸಿದುದು 1895ರಲ್ಲಿ. ಅದಾದ ಹದಿಮೂರನೆಯ ವರ್ಷದಲ್ಲಿ, ಎಂದರೆ 1908ರಲ್ಲಿ, ಇಟಲಿಯ ಟುರಿನ್ ನಗರದ ವೈದ್ಯನಾದ ಕಮಿಲ್ಲೊ ನೆಗ್ರೊ ಎಂಬಾತನು ನರರೋಗಿಗಳ ಚಿತ್ರವೊಂದನ್ನು ತೆಗೆಸಿದನು. ಅದರ ಒಂದು ದೃಶ್ಯದಲ್ಲಿ ಉನ್ಮಾದಾವೇಶಕ್ಕೆ ಒಳಗಾದ ಸ್ತ್ರೀಯೊಬ್ಬಳು ಹಾಸಿಗೆಯ ಮೇಲೆ ಹೊರಳಾಡುತ್ತಾಳೆ. ಅವಳ ಮುಖಕ್ಕೆ ಮುಖವಾಡವನ್ನು ತೊಡಿಸಿದೆ. ಅದರಿಂದ ಅವಳ ಗುರುತು ಮರೆಯಾಯಿತು, ನಿಜ. ಆದರೆ ನೋಡುವವನ ಪಾಲಿಗೆ ಅವಳು ಮನುಷ್ಯಳಾಗಿ ಉಳಿಯದೆ ರೋಗದ ಉದಾಹರಣೆ ಮಾತ್ರವಾದಳು. ವೈದ್ಯನ ಉದ್ದೇಶವು ಬೋಧನೆ, ಅದರಲ್ಲಿ ಕೇಡಿರಲಿಲ್ಲ. ಆದರೂ ರೋಗಿಯ ಮಾತಿಗೆ ಅಲ್ಲಿ ಸ್ಥಳವಿರಲಿಲ್ಲ.

ಒಂದನೆಯ ಮಹಾಯುದ್ಧದಲ್ಲಿ ಗುಂಡಿನ ಗಾಯವಿಲ್ಲದೆಯೇ ನಡುಗುವ, ನಡೆಯಲಾರದ, ಮಾತು ಕಳೆದುಕೊಂಡ ಸೈನಿಕರು ಸಾವಿರಗಟ್ಟಲೆಯಾಗಿ ಆಸ್ಪತ್ರೆಗಳಿಗೆ ಬಂದರು. ಆರ್ಥರ್ ಹರ್ಸ್ಟ್ ಎಂಬ ಆಂಗ್ಲ ವೈದ್ಯನು 1917 ಮತ್ತು 1918ರಲ್ಲಿ ನೆಟ್ಲಿ, ಸೇಲ್ ಹೇನ್ ಎಂಬ ಸ್ಥಳಗಳ ಸೈನಿಕಾಸ್ಪತ್ರೆಗಳಲ್ಲಿ ಇಂತಹವರ ಚಿತ್ರವನ್ನು ತೆಗೆಸಿದನು. ತಡವರಿಸುತ್ತ ಬಂದವನು ಚಿಕಿತ್ಸೆಯ ಬಳಿಕ ನೆಟ್ಟಗೆ ನಡೆಯುವುದನ್ನು ಅದರಲ್ಲಿ ಕಾಣಬಹುದು. ಚಿಕಿತ್ಸೆಗೆ ಮುಂಚಿನವೆಂದು ತೋರಿಸಿದ ಕೆಲವು ದೃಶ್ಯಗಳು ಬಳಿಕ ಅಭಿನಯಿಸಿದವೆಂದು ಇತಿಹಾಸಕಾರರು ಕಂಡುಹಿಡಿದಿದ್ದಾರೆ. ಹಾಗಿದ್ದರೂ ಈ ಚಿತ್ರದಿಂದ ಒಂದು ಉಪಕಾರವಾಯಿತು. ಆ ಯುದ್ಧದಲ್ಲಿ ಪಲಾಯನ, ಹೇಡಿತನ ಮೊದಲಾದ ಅಪರಾಧಗಳಿಗಾಗಿ ಬ್ರಿಟಿಷ್ ಸೈನ್ಯವು ತನ್ನ ಯೋಧರಲ್ಲಿಯೇ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಗುಂಡಿಟ್ಟು ಕೊಂದಿತ್ತು. 306 ಮಂದಿಗೆ ಮರಣೋತ್ತರವಾಗಿ ಕ್ಷಮಾದಾನ ದೊರೆತುದು 2006ರಲ್ಲಿ. ಅಂತಹ ಕಾಲದಲ್ಲಿ, ನಡುಕವೆಂಬುದು ಹೇಡಿತನವಲ್ಲ, ವ್ಯಾಧಿಯೆಂದು ಕಣ್ಣಿಗೆ ಕಾಣುವಂತೆ ಮಾಡಿದುದು ಸಣ್ಣ ಕೆಲಸವಲ್ಲ.

ಅದೇ ಸಾಧನವು ವಿಷವೂ ಆಗಬಲ್ಲದೆಂಬುದನ್ನು ಜರ್ಮನಿಯ ಚರಿತ್ರೆಯು ತೋರಿಸಿತು. 1936ರಲ್ಲಿ ನಾಜಿ ಪಕ್ಷದ ಜನಾಂಗನೀತಿಯ ಶಾಖೆಯು ‘ಎರ್ಬ್‌ಕ್ರಾಂಕ್’, ಎಂದರೆ ‘ವಂಶರೋಗಿ’, ಎಂಬ ಕಿರುಚಿತ್ರವನ್ನು ಸಿದ್ಧಗೊಳಿಸಿತು. ಆಸ್ಪತ್ರೆಗಳಲ್ಲಿದ್ದ ರೋಗಿಗಳನ್ನೇ ನಿಲ್ಲಿಸಿ ಚಿತ್ರ ತೆಗೆದು, ಇವರನ್ನು ಸಾಕುವುದಕ್ಕೆ ರಾಷ್ಟ್ರಕ್ಕೆ ಎಷ್ಟು ಹಣ ವ್ಯಯವಾಗುತ್ತದೆಂಬ ಲೆಕ್ಕವನ್ನು ಪಕ್ಕದಲ್ಲಿಟ್ಟರು. ನೋಡಿದವರ ಮನಸ್ಸಿನಲ್ಲಿ ಅಸಹ್ಯವನ್ನು ಹುಟ್ಟಿಸುವುದೇ ಅದರ ಉದ್ದೇಶವಾಗಿತ್ತು. ಮೂರು ವರ್ಷಗಳ ಬಳಿಕ ವಧೆಯು ಆರಂಭವಾಯಿತು. 1940 ಮತ್ತು 1941ರಲ್ಲಿ, ಅದಕ್ಕೆಂದೇ ಏರ್ಪಡಿಸಿದ ಸ್ಥಳಗಳಲ್ಲಿ, 70,000ಕ್ಕೂ ಹೆಚ್ಚು ರೋಗಿಗಳನ್ನು ವಿಷಾನಿಲದಿಂದ ಕೊಂದರು. ಒಂದು ಚಿತ್ರವೇ ಇದನ್ನೆಲ್ಲ ಮಾಡಿತೆನ್ನುವುದು ಸರಿಯಲ್ಲ. ಆದರೆ ನೆರೆಯವನನ್ನು ಹೊರೆಯೆಂದು ನೋಡುವ ಅಭ್ಯಾಸವನ್ನು ಕಣ್ಣಿಗೆ ಕಲಿಸಿದುವುಗಳಲ್ಲಿ ಅದೂ ಒಂದು.

ಎರಡನೆಯ ಮಹಾಯುದ್ಧವು ಮುಗಿಯುವ ವೇಳೆಗೆ ಅಮೆರಿಕದ ಸೈನ್ಯವು ಪ್ರಸಿದ್ಧ ನಿರ್ದೇಶಕನಾದ ಜಾನ್ ಹ್ಯೂಸ್ಟನ್ನನಿಗೆ ಒಂದು ಕೆಲಸವನ್ನು ಒಪ್ಪಿಸಿತು. ಯುದ್ಧದಿಂದ ಮನಸ್ಸು ಕೆಟ್ಟು ಬಂದವರು ಗುಣಹೊಂದಬಲ್ಲರು, ಅವರಿಗೆ ಉದ್ಯೋಗ ಕೊಡುವುದಕ್ಕೆ ಅಂಜಬೇಕಾಗಿಲ್ಲ ಎಂದು ಜನರಿಗೆ ತಿಳಿಸಬೇಕಾಗಿತ್ತು. ಹ್ಯೂಸ್ಟನ್ನನು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿದ್ದ ಮೇಸನ್ ಜನರಲ್ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳ, ನಿಜವಾದ ಸಂಭಾಷಣೆಗಳ ಚಿತ್ರವನ್ನು ತೆಗೆದನು. ಒಬ್ಬನು ಮನೆಯ ನೆನಪಿನಿಂದ ಬಿಕ್ಕಿ ಅಳುತ್ತಾನೆ. ಇನ್ನೊಬ್ಬನು ಕಳೆದುಹೋದ ಮಾತನ್ನು ಮರಳಿ ಪಡೆದು ಹರ್ಷದಿಂದ ಕೂಗುತ್ತಾನೆ. ಇಲ್ಲಿ ಮುಖವಾಡವಿಲ್ಲ, ರೋಗಿಯು ತನ್ನ ಬಾಯಿಂದಲೇ ತನ್ನ ಸಂಕಟವನ್ನು ಹೇಳುತ್ತಾನೆ. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿ ಪ್ರದರ್ಶನವಾಗಬೇಕಾಗಿದ್ದಾಗ ಸೈನ್ಯದ ಪೊಲೀಸರು ಬಂದು ಪ್ರತಿಯನ್ನು ಕೊಂಡೊಯ್ದರು. ಸೈನಿಕರ ಗೌಪ್ಯವನ್ನು ಕಾಪಾಡಬೇಕೆಂಬುದು ಸರ್ಕಾರದ ಸಮಾಧಾನ. ವೀರನು ಅಳುವುದನ್ನು ಜನರು ಕಾಣಬಾರದೆಂಬುದೇ ನಿಜವಾದ ಕಾರಣವೆಂದು ಹ್ಯೂಸ್ಟನ್ನನ ದೃಢವಾದ ಅಭಿಪ್ರಾಯ. ‘ಬೆಳಕಾಗಲಿ’ ಎಂಬ ಅರ್ಥದ ಹೆಸರನ್ನು ಹೊತ್ತ ಆ ಚಿತ್ರವು 1980ರ ಕೊನೆಯವರೆಗೂ ಕತ್ತಲೆಯಲ್ಲಿಯೇ ಉಳಿಯಿತು.

ಇಂತಹುದೇ ಇನ್ನೊಂದು ವಿವಾದವು ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ನಡೆಯಿತು. ಅಪರಾಧಿಗಳಾದ ಮನೋರೋಗಿಗಳನ್ನು ಇಡುತ್ತಿದ್ದ ಬ್ರಿಜ್‌ವಾಟರ್ ಆಸ್ಪತ್ರೆಯಲ್ಲಿ ಫ್ರೆಡರಿಕ್ ವೈಸ್‌ಮನ್ ಎಂಬಾತನು 1966ರಲ್ಲಿ ತೆಗೆದು 1967ರಲ್ಲಿ ಹೊರತಂದ ‘ಟಿಟಿಕಟ್ ಫಾಲೀಸ್’ ಎಂಬ ಚಿತ್ರದಲ್ಲಿ, ಬಟ್ಟೆಯಿಲ್ಲದೆ ಬರಿಯ ಕೋಣೆಗಳಲ್ಲಿ ಕೂಡಿಹಾಕಿದ ಮನುಷ್ಯರು ಕಾಣುತ್ತಾರೆ. ರೋಗಿಗಳ ಮಾನವನ್ನು ಕಾಪಾಡುವ ಸಲುವಾಗಿ ನ್ಯಾಯಾಲಯವು ಅದನ್ನು ನಿಷೇಧಿಸಿತು. ಅನಂತರ ವೈದ್ಯರು, ವಕೀಲರು ಮೊದಲಾದ ವೃತ್ತಿನಿರತರು ಮಾತ್ರ ನೋಡಬಹುದೆಂದಾಯಿತು. ನಿಷೇಧವು ಪೂರ್ಣವಾಗಿ ತೊಲಗಿದುದು 1991ರಲ್ಲಿ. ಅವರಲ್ಲಿ ಎಷ್ಟು ಮಂದಿಗೆ ತಿಳಿದು ಒಪ್ಪಿಗೆ ಕೊಡುವ ಸ್ಥಿತಿಯಿತ್ತೆಂಬ ಪ್ರಶ್ನೆಯು ನ್ಯಾಯವಾದುದೇ. ಆದರೆ ಅವರನ್ನು ಬತ್ತಲೆಯಾಗಿ ಇಟ್ಟಿದ್ದ ಸಂಸ್ಥಾನವೇ ಅವರ ಮಾನಕ್ಕಾಗಿ ವಾದಿಸಿತೆಂಬುದೂ ಮರೆಯತಕ್ಕ ಮಾತಲ್ಲ. ಎರಡು ಕಡೆಯವರೂ ರೋಗಿಯ ಹೆಸರಿನಲ್ಲಿ ಮಾತನಾಡಿದರು. ರೋಗಿಯು ಸ್ವತಃ ಮಾತನಾಡುವ ಸಭೆಯು ಇನ್ನೂ ಏರ್ಪಟ್ಟಿರಲಿಲ್ಲ.

ಅದು ಏರ್ಪಟ್ಟುದು ಕೆನಡಾದೇಶದ ಟೊರಾಂಟೊ ನಗರದಲ್ಲಿ. ಅಲ್ಲಿಯ ಕ್ವೀನ್ ಬೀದಿಯಲ್ಲಿ 1850ರಲ್ಲಿ ತೆರೆದ ಹುಚ್ಚಾಸ್ಪತ್ರೆಯ ಸುತ್ತಲಿನ ಗೋಡೆಯನ್ನು ಒಳಗಿದ್ದ ರೋಗಿಗಳಿಂದಲೇ, ಕೂಲಿ ಕೊಡದೆ, ಕಟ್ಟಿಸಿದ್ದರು. ಆಸ್ಪತ್ರೆಯ ವಿಳಾಸವಾದ 999 ಎಂಬ ಸಂಖ್ಯೆಯೇ ಹುಚ್ಚಿಗೆ ಪರ್ಯಾಯಪದವಾಗಿ, ಕಡೆಗೆ ಅದನ್ನು 1001 ಎಂದು ಬದಲಾಯಿಸಬೇಕಾಯಿತು. ಈ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಲೀಸಾ ಬ್ರೌನ್ ಎಂಬಾಕೆಯು ರೋಗಿಗಳಲ್ಲಿದ್ದ ಕಲಾಶಕ್ತಿಯನ್ನು ಕಂಡು 1987ರಲ್ಲಿ ಒಂದು ನಾಟಕಮಂಡಲಿಯನ್ನು ಸ್ಥಾಪಿಸಿ, ಹಿಂದಿನ ಶತಮಾನದಲ್ಲಿ ಅಲ್ಲಿ ಅಧೀಕ್ಷಕನಾಗಿದ್ದ ಜೋಸೆಫ್ ವರ್ಕ್‌ಮನ್ನನ ಹೆಸರನ್ನು ಅದಕ್ಕಿಟ್ಟಳು. ಆ ಮಂಡಲಿಯೇ 1993ರಲ್ಲಿ ಮನೋರೋಗವನ್ನು ಕುರಿತ ಚಲಚ್ಚಿತ್ರೋತ್ಸವವನ್ನು ಆರಂಭಿಸಿತು. ಕಿರುಚಿತ್ರಗಳೂ ದೀರ್ಘಚಿತ್ರಗಳೂ ಅಲ್ಲಿ ಪ್ರದರ್ಶಿತವಾಗುತ್ತವೆ. ಪ್ರದರ್ಶನದ ಬಳಿಕ ಚಿತ್ರ ತೆಗೆದವರು, ವೈದ್ಯರು, ರೋಗವನ್ನು ಅನುಭವಿಸಿದವರು ಪ್ರೇಕ್ಷಕರೊಡನೆ ಸಂವಾದ ನಡೆಸುವುದು ಅಲ್ಲಿಯ ಪದ್ಧತಿ. ಸ್ಕಾಟ್ಲೆಂಡಿನಲ್ಲಿ 2007ರಲ್ಲಿ ಇಂತಹುದೇ ಉತ್ಸವವು ಹುಟ್ಟಿತು.

ಕಿರುಚಿತ್ರವು ಇಂತಹ ಸಭೆಗೆ ವಿಶೇಷವಾಗಿ ಒಪ್ಪುವುದು. ಅದಕ್ಕೆ ಹೆಚ್ಚು ಹಣ ಬೇಡ. ಆದಕಾರಣ ಹಿಂದೆ ಚಿತ್ರಕ್ಕೆ ವಸ್ತುವಾಗಿದ್ದವನೇ ಈಗ ಕರ್ತೃವಾಗಬಲ್ಲನು. ಅದಕ್ಕೆ ಹೆಚ್ಚು ಹೊತ್ತೂ ಬೇಡ. ಆದಕಾರಣ ಮಾತಿಗೆ ಸಮಯ ಉಳಿಯುವುದು. ಮನೋರೋಗದ ವಿಷಯದಲ್ಲಿ ಜನರಿಗಿರುವ ತಾತ್ಸಾರವನ್ನು ಕಳೆಯಲು ಉಪದೇಶಕ್ಕಿಂತ, ಗುಣಮುಖನಾಗುತ್ತಿರುವ ವ್ಯಕ್ತಿಯೊಡನೆ ನೇರವಾದ ಪರಿಚಯವೇ ಹೆಚ್ಚು ಫಲಕಾರಿಯೆಂದು ಮನಶ್ಶಾಸ್ತ್ರಜ್ಞರ ಪರಿಶೋಧನೆಗಳೂ ತಿಳಿಸಿವೆ. ಹಾಗೆಂದು ಚಿತ್ರವೇ ಔಷಧವಲ್ಲ. ವೈದ್ಯನಿಲ್ಲದ ಊರಿನಲ್ಲಿ ಉತ್ಸವವೊಂದರಿಂದ ಯಾರ ರೋಗವೂ ವಾಸಿಯಾಗದು.

ಕನ್ನಡಿಗರಿಗೆ ಈ ಸಂಗತಿಯು ತೀರ ದೂರದ್ದಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1970ರ ದಶಕದ ಆದಿಯಲ್ಲಿ ತೆರೆಗೆ ತಂದಾಗ ಮನೆಮನೆಯ ಹೆಂಗಸರು ಕಾವೇರಿಗಾಗಿ ಕಣ್ಣೀರಿಟ್ಟರು. ಆಸ್ಪತ್ರೆಯಲ್ಲಿ ಗುಣವಾಗಿ ಬಂದ ಆಕೆಯನ್ನು ಪುನಃ ಕೆಡಿಸಿದುದು ರೋಗವಲ್ಲ. ಮನೆಯವರ ಸಂಶಯ, ನೆರೆಯವರ ಪಿಸುಮಾತು. ಕಾವೇರಿಗಾಗಿ ಅತ್ತವರು ಹೊರಬಂದ ಮೇಲೆ ತಮ್ಮ ಬೀದಿಯಲ್ಲಿದ್ದ ಕಾವೇರಿಯೊಡನೆ ಹೇಗೆ ನಡೆದುಕೊಂಡರೆಂಬುದನ್ನು ಯಾವ ಚರಿತ್ರೆಯೂ ಬರೆದಿಡಲಿಲ್ಲ. ಚಿತ್ರ ಮುಗಿದು ದೀಪ ಹತ್ತಿದಾಗ ಎದ್ದುಹೋಗದೆ, ಪಕ್ಕದಲ್ಲಿ ಕುಳಿತವರ ಮಾತನ್ನು ಅರ್ಧ ಘಂಟೆ ಕೇಳಬೇಕೆಂಬುದೇ ಈ ಉತ್ಸವಗಳ ಕೋರಿಕೆ. ಚರಕನು ಹೇಳಿದ ಮಿತ್ರವಾಕ್ಯಕ್ಕೆ ಎಡೆ ದೊರೆಯುವುದು ಆ ಅರ್ಧ ಘಂಟೆಯಲ್ಲಿಯೇ.