ಸಾಲುಮರದ ನೆರಳು ಯಾರ ಸ್ವತ್ತು?

ಮಲೆನಾಡಿನ ಯಾವುದೇ ಊರಿನಲ್ಲಿ ರಸ್ತೆ ಅಗಲವಾಗಬೇಕೆಂಬ ಮಾತು ಎದ್ದರೆ ಅದರ ಬೆನ್ನಿಗೇ ಮರದ ಮಾತೂ ಏಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲಿ, ಅರಳಸುರಳಿಯಂಥ ಊರುಗಳ ಕಡೆಗೆ ಹೋಗುವ ರಸ್ತೆಗಳಲ್ಲಿ ತಿರುವುಗಳು ಹೆಚ್ಚು, ಮಳೆ ಹೆಚ್ಚು, ಮರಗಳೂ ಹೆಚ್ಚು. ಆಷಾಢದ ಗಾಳಿಗೆ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಊರಿಗೆ ಕರೆಂಟು ಹೋಗುತ್ತದೆ. ಬುಡವೇ ಮಗುಚಿದರೆ ಬಸ್ಸು ನಿಲ್ಲುತ್ತದೆ, ರೋಗಿಯನ್ನು ಕರೆದೊಯ್ಯುವ ವಾಹನವೂ ನಿಲ್ಲುತ್ತದೆ. "ಇವನ್ನು ಯಾವತ್ತೋ ಕಡಿದು ಹಾಕಬೇಕಿತ್ತು" ಎಂದು ಜನ ಆಗ ಬೇಸರಪಡುವುದು ಸಹಜ. ಬೇಸಿಗೆಯಲ್ಲಿ ಅದೇ ಮರದ ಬುಡದಲ್ಲಿ ಬಸ್ಸಿಗೆ ಕಾಯುವವರು "ಇದೊಂದು ಇಲ್ಲದಿದ್ದರೆ ನಮ್ಮ ಗತಿ ಏನು?" ಎನ್ನುತ್ತಾರೆ.

ಎರಡೂ ಮಾತಿನಲ್ಲಿ ಸತ್ಯವಿದೆ. ಹಾಗಾದರೆ ತೀರ್ಮಾನಿಸಬೇಕಾದವರು ಯಾರು? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ರಸ್ತೆ ಬದಿಯಲ್ಲಿ ಮರ ನೆಟ್ಟವರು ಯಾರಿಗಾಗಿ ನೆಟ್ಟರು, ಅದು ಯಾರ ಸ್ವತ್ತೆಂದು ತಿಳಿದು ನೆಟ್ಟರು ಎಂಬುದನ್ನು ನೋಡಬೇಕಾಗುತ್ತದೆ.

ನಡೆಯುವವರ ದಾರಿ

ಇಂದಿನ ರಸ್ತೆ ವಾಹನಗಳದ್ದು. ಅಂದಿನ ದಾರಿ ಕಾಲಿನದ್ದು, ಹೇರೆತ್ತುಗಳದ್ದು. ಕೆಳದಿ ಅರಸರ ಕಾಲದಲ್ಲಿ ಇಂದಿನ ಹೊಸನಗರ ತಾಲೂಕಿನಲ್ಲಿರುವ ಬಿದನೂರು ದೊಡ್ಡ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್ ನಗರ ಎಂದು ಕರೆದ. ಇಂದಿಗೂ ಆ ಊರು ನಮ್ಮ ಬಾಯಲ್ಲಿ 'ನಗರ'ವಾಗಿಯೇ ಉಳಿದಿದೆ. ಘಟ್ಟದ ಮೇಲಿನ ಮೆಣಸು, ಅಡಿಕೆ, ಅಕ್ಕಿ ಕರಾವಳಿಗೆ ಇಳಿಯುತ್ತಿತ್ತು, ಅಲ್ಲಿಂದ ಉಪ್ಪು ಮೇಲೇರುತ್ತಿತ್ತು. ಹೊರೆ ಹೊತ್ತು ದಿನಗಟ್ಟಲೆ ನಡೆಯುವವನಿಗೆ ದಾರಿಯ ಅಗಲಕ್ಕಿಂತ ದಾರಿಯ ನೆರಳು ಮುಖ್ಯವಾಗಿತ್ತು. ಆದುದರಿಂದಲೇ ಹಳೆಯ ದಾರಿಗಳಲ್ಲಿ ಮರದ ಜೊತೆಗೆ ಕಟ್ಟೆ, ಹೊರೆ ಇಳಿಸಲು ಎದೆಯೆತ್ತರದ ಹೊರೆಗಲ್ಲು, ಬಾಯಾರಿದವರಿಗೆ ಅರವಟ್ಟಿಗೆ ಇವೆಲ್ಲ ಕಂಡುಬರುತ್ತಿದ್ದವು. ಮರವೆಂದರೆ ದಾರಿಯ ಅಂಗವೇ ಆಗಿತ್ತು.

ಪಶ್ಚಿಮ ಘಟ್ಟದ ಸೀಮೆಯಲ್ಲಿ ಧೂಪದ ಮರವನ್ನು ರಸ್ತೆಯ ಎರಡೂ ಬದಿಗೆ ನೆಡುವ ರೂಢಿ ಹಳೆಯದು. ಸಾಲುಧೂಪ ಎಂಬುದು ಅದಕ್ಕಿರುವ ಇನ್ನೊಂದು ಹೆಸರು. ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ಈ ಮರ ವರ್ಷವಿಡೀ ಹಸಿರಾಗಿರುತ್ತದೆ. ಅದರ ಅಂಟು ಧೂಪವಾಗುತ್ತದೆ, ವಾರ್ನಿಷ್ ಆಗುತ್ತದೆ. ಬೀಜದಿಂದ ತೆಗೆದ ಕೊಬ್ಬು ದೀಪಕ್ಕೆ, ಸಾಬೂನಿಗೆ ಒದಗುತ್ತದೆ. ಬಯಲುಸೀಮೆಯ ರಸ್ತೆಗಳಲ್ಲಿ ಆಲ, ಹುಣಸೆ, ಹೊಂಗೆ, ಮಾವು, ನೇರಳೆ ಇದೇ ಕೆಲಸ ಮಾಡುತ್ತಿದ್ದವು. ನೆರಳೂ ಸಿಗಬೇಕು, ಮಗುವಿಗೊಂದು ಹಣ್ಣೂ ಸಿಗಬೇಕು, ಎತ್ತಿಗೆ ತಂಪೂ ಸಿಗಬೇಕು ಎಂಬ ವಿವೇಕ ಈ ಆಯ್ಕೆಯಲ್ಲಿದೆ.

ಓದಲಾಗದೆಯೂ ಉಳಿಸಿದ ಕಲ್ಲು

ಈ ವಿವೇಕ ನಮ್ಮ ದೇಶದಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಕಲ್ಲೇ ಸಾಕ್ಷಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಸಾಮ್ರಾಟ ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ್ದನ್ನು, ಮಾವಿನ ತೋಪುಗಳನ್ನು ಬೆಳೆಸಿದ್ದನ್ನು, ಬಾವಿ ತೋಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಈ ಏಳನೆಯ ಶಾಸನ ಇರುವುದು ಒಂದೇ ಒಂದು ಸ್ತಂಭದ ಮೇಲೆ. ಆ ಸ್ತಂಭ ಇಂದಿನ ಹರಿಯಾಣದ ಟೋಪ್ರಾ ಎಂಬ ಊರಿನಲ್ಲಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಸುಲ್ತಾನ್ ಫಿರೋಜ್ ಷಾ ತುಘಲಕ್ ಅದನ್ನು ಬಹಳ ಜೋಪಾನವಾಗಿ ದೆಹಲಿಗೆ ತರಿಸಿ ತನ್ನ ಕೋಟೆಯಲ್ಲಿ ನಿಲ್ಲಿಸಿದ. ಅದರ ಮೇಲಿನ ಬರಹವನ್ನು ಓದಬಲ್ಲವರು ಆಗ ಯಾರೂ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆಯೇ ಲೋಕಕ್ಕೆ ಅದರ ಅರ್ಥ ತಿಳಿಯಿತು. ಒಬ್ಬ ಬೌದ್ಧ ಸಾಮ್ರಾಟನ ಸಾಲುಮರದ ಮಾತು ಒಬ್ಬ ಮುಸ್ಲಿಮ್ ಸುಲ್ತಾನನ ಆರೈಕೆಯಲ್ಲಿ ನಮ್ಮವರೆಗೆ ಬಂದಿದೆ ಎಂಬುದನ್ನು ನಾವು ನೆನೆಯಬೇಕು. 1540ರಿಂದ 1545ರವರೆಗೆ, ಕೇವಲ ಐದು ವರ್ಷ ಆಳಿದ ಶೇರ್ ಷಾ ಸೂರಿಯನ್ನೂ ಚರಿತ್ರೆ ನೆನೆಯುವುದು ಅವನ ಯುದ್ಧಗಳಿಗಿಂತ ಹೆಚ್ಚಾಗಿ ಅವನ ಹೆದ್ದಾರಿಗಾಗಿ, ಅದರ ಸರಾಯಿಗಳಿಗಾಗಿ, ಬದಿಯ ಮರಗಳಿಗಾಗಿ.

ಸಂತಾನ ಮತ್ತು ಸದಕ

ಅರಸರು ಮಾತ್ರ ಮರ ನೆಟ್ಟರೆಂದು ತಿಳಿಯಬೇಕಾಗಿಲ್ಲ. ನಮ್ಮ ನಾಡಿನ ಹಳೆಯ ಪರಂಪರೆಯಲ್ಲಿ 'ಸಪ್ತ ಸಂತಾನ' ಎಂಬ ಮಾತಿದೆ. ಮನುಷ್ಯನ ಹೆಸರನ್ನು ಅವನ ಅನಂತರವೂ ಉಳಿಸುವ ಏಳು ಸಂಗತಿಗಳಲ್ಲಿ ಕೆರೆ, ದೇವಾಲಯ, ಅಗ್ರಹಾರಗಳ ಜೊತೆಗೆ ವನವೂ ಇದೆ, ಮಗನೂ ಇದ್ದಾನೆ. ಅಂದರೆ ಮರ ನೆಡುವುದು ಮಗುವನ್ನು ಪಡೆಯುವುದಕ್ಕೆ ಸಮ. ಇಸ್ಲಾಮೀ ಪರಂಪರೆಯಲ್ಲಿ ಇದಕ್ಕೆ ಹತ್ತಿರವಾದ ಮಾತು 'ಸದಕ ಜಾರಿಯಾ', ಎಂದರೆ ಹರಿಯುತ್ತಲೇ ಇರುವ ದಾನ. ಮನುಷ್ಯ ಸತ್ತ ಮೇಲೂ ಅವನಿಗೆ ಪುಣ್ಯ ತಲುಪಿಸುವ ಮೂರು ಸಂಗತಿಗಳಲ್ಲಿ ಇಂತಹ ದಾನ ಮೊದಲನೆಯದು, ಸಜ್ಜನ ಸಂತಾನ ಕೊನೆಯದು. ಒಬ್ಬನು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಲೆಕ್ಕದಲ್ಲಿ ದಾನವಾಗುತ್ತದೆ ಎಂದು ಪ್ರವಾದಿ ಮುಹಮ್ಮದ್(ಸ)ರು ತಿಳಿಸಿದ್ದಾರೆ. ಭಾಷೆ ಬೇರೆ, ನಂಬಿಕೆ ಬೇರೆ. ಆದರೆ ದಾರಿಯ ಮರವು ನೆಟ್ಟವನ ಕೈಬಿಟ್ಟು ಲೋಕದ ಸ್ವತ್ತಾಗುತ್ತದೆ ಎಂಬ ತಿಳುವಳಿಕೆ ಒಂದೇ.

ನಮ್ಮ ಇಂದಿನ ಚರ್ಚೆಗೆ ನೇರವಾಗಿ ತಾಗುವ ಇನ್ನೆರಡು ಮಾತುಗಳು ಹದೀಸ್ ಗ್ರಂಥಗಳಲ್ಲಿವೆ. ಜನರಿಗೆ ತೊಂದರೆಯಾಗುತ್ತಿದ್ದ ಒಂದು ಮರವನ್ನು ದಾರಿಯಿಂದ ಕಡಿದು ತೆಗೆದವನು ಸ್ವರ್ಗದಲ್ಲಿ ಸುಖವಾಗಿರುವುದನ್ನು ಕಂಡೆನೆಂದು ಪ್ರವಾದಿ(ಸ)ಯವರು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಸಿದ್ರ್, ಎಂದರೆ ನಮ್ಮ ಎಲಚಿಯ ಜಾತಿಯ ಮರವನ್ನು ಕಡಿಯುವವನಿಗೆ ಕಠಿಣ ಎಚ್ಚರಿಕೆ ಅಬೂದಾವೂದ್‌ನಲ್ಲಿದೆ. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲವೇ ಎಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಇಮಾಮ್ ಅಬೂದಾವೂದ್ ಸ್ವತಃ ವಿವರಣೆ ಕೊಟ್ಟಿದ್ದಾರೆ. ಬಯಲಿನಲ್ಲಿ ದಾರಿಹೋಕರೂ ಪ್ರಾಣಿಗಳೂ ನೆರಳು ಪಡೆಯುವ ಮರವನ್ನು ತನಗೆ ಹಕ್ಕಿಲ್ಲದೆ, ಕಾರಣವಿಲ್ಲದೆ, ಅನ್ಯಾಯವಾಗಿ ಕಡಿಯುವವನಿಗೆ ಈ ಎಚ್ಚರಿಕೆ ಎಂದು ಅವರು ಬಿಡಿಸಿ ಹೇಳಿದ್ದಾರೆ. ಹಾಗಾದರೆ ಅಳತೆಗೋಲು ಮರದಲ್ಲಿಲ್ಲ, ಜನರಲ್ಲಿದೆ. ಈ ಮರ ಜನರಿಗೆ ತೊಂದರೆಯೋ, ಜನರ ನೆರಳೋ? ಕಡಿಯುವವನಿಗೆ ಹಕ್ಕಿದೆಯೇ? ಕಾರಣವಿದೆಯೇ? ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಪ್ರಶ್ನೆಗಳು ಇಂದಿನ ಲೋಕೋಪಯೋಗಿ ಇಲಾಖೆಯ ಕಡತಕ್ಕೂ ಸರಿಯಾಗಿ ಹೊಂದುತ್ತವೆ.

ದಾನ ಇಲಾಖೆಯ ಆಸ್ತಿಯಾದಾಗ

ಕಾಲಕ್ರಮದಲ್ಲಿ ಮರ ನೆಡುವ ಹೊಣೆ ಸರಕಾರದ್ದಾಯಿತು. ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್ ಮುಂದೆ ಮೈಸೂರು ರಾಜ್ಯದ ಬೀದಿಮರಗಳ ತವರಾಯಿತು. 1908ರಲ್ಲಿ ಅದರ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್, ಒಂದು ಬೀದಿಯ ಹೂವು ಉದುರುವಾಗ ಇನ್ನೊಂದು ಬೀದಿ ಅರಳುವಂತೆ ಬೆಂಗಳೂರಿನ ಮರಗಳನ್ನು ಯೋಜಿಸಿದರು. ಬೀದಿಗೆ ಮರ ಅಂದ ತಂದಿತು. ಆದರೆ ಅದು ಇಲಾಖೆಯ ಪಟ್ಟಿಯಲ್ಲಿ ಸೇರಿದ ಮೇಲೆ ನೆರಳಲ್ಲಿ ನಿಲ್ಲುವವನ ಮಾತು ದೂರವಾಯಿತು. ಮೋಟಾರು ಬಂದಿತು, ವೇಗ ಬಂದಿತು. ವೇಗವಾಗಿ ಹೋಗುವವನಿಗೆ ನೆರಳು ಬೇಡ, ಅಗಲ ಬೇಕು. ಅಂಗವಾಗಿದ್ದ ಮರ ಅಡ್ಡಿಯಾಯಿತು.

ಇದನ್ನು ತಡೆಯಲೆಂದೇ 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದಿತು. ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಬೇಕೆಂಬ ನಿಯಮವೂ ತಿದ್ದುಪಡಿಯ ಮೂಲಕ ಸೇರಿತು. ಜನರಿಗೆ ಬಾಯಿ ಸಿಕ್ಕಿತು. ಆದರೆ ಆ ಬಾಯಿ ತೆರೆಯುವುದು ಐವತ್ತೊಂದನೆಯ ಮರದಿಂದ!

ಮೂರು ರಸ್ತೆಗಳ ಕಥೆ

ಈಚಿನ ಮೂರು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದರ ಪರಿಣಾಮ ಅರ್ಥವಾಗುತ್ತದೆ.

ಮೊದಲನೆಯದು ಬೆಂಗಳೂರಿನದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರಗಳನ್ನು ಕಡಿಯಬೇಕೆಂದಾಗ, 2016ರ ಅಕ್ಟೋಬರ್‌ನಲ್ಲಿ ಸಾವಿರಾರು ನಾಗರಿಕರು ರಸ್ತೆಯುದ್ದಕ್ಕೂ ಮಾನವ ಸರಪಳಿ ಕಟ್ಟಿದರು. ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2017ರ ಮಾರ್ಚ್‌ನಲ್ಲಿ ಸರಕಾರ ಯೋಜನೆಯನ್ನೇ ಕೈಬಿಟ್ಟಿತು.

ಎರಡನೆಯದು ಮಾಗಡಿ ತಾಲೂಕಿನದು. ಕಲ್ಲುಕ್ವಾರಿಯಲ್ಲಿ ಕೂಲಿ ಮಾಡುತ್ತಿದ್ದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿಗೆ ಮಕ್ಕಳಿರಲಿಲ್ಲ. ಹುಲಿಕಲ್ ಮತ್ತು ಕುದೂರಿನ ನಡುವೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಅವರು ಆಲದ ಗಿಡ ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಸಾಕಿದರು. ಅವುಗಳ ಲೆಕ್ಕ 385. ಸಪ್ತ ಸಂತಾನದ ಮಾತಿಗೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕೇ? 2019ರಲ್ಲಿ ರಾಷ್ಟ್ರ ಅವರಿಗೆ ಪದ್ಮಶ್ರೀ ನೀಡಿತು. ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ವಿಸ್ತರಣೆಗೆ ಆ ಮರಗಳೇ ಬಲಿಯಾಗುವ ಭೀತಿ ಎದುರಾಯಿತು. ಶತಾಯುಷಿ ಸಾಲುಮರದ ತಿಮ್ಮಕ್ಕ ತಾವೇ ಸರಕಾರದ ಮೊರೆ ಹೋದರು. ಮರ ಉಳಿಸಿ ಬೇರೆ ದಾರಿ ಹುಡುಕುವಂತೆ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅಧಿಕಾರಿಗಳಿಗೆ ಸೂಚಿಸಿದರು. ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡರು.

ಮೂರನೆಯದು ಮೈಸೂರಿನದು. ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದ ಹೈದರಾಲಿಯ ಹೆಸರಿನ ರಸ್ತೆಯಲ್ಲೇ, 2025ರ ಏಪ್ರಿಲ್‌ನಲ್ಲಿ, ವಿಸ್ತರಣೆಗಾಗಿ 40 ಹಳೆಯ ಮರಗಳು ಉರುಳಿದವು. ಅರಣ್ಯ ಇಲಾಖೆಯ ಅನುಮತಿ ಇತ್ತು. ಮರಗಳ ಸಂಖ್ಯೆ ಐವತ್ತರ ಒಳಗಿತ್ತು. ನಗರದ ಜನ ಸೇರಿ ಪ್ರತಿಭಟಿಸಿದ್ದು ಮರಗಳು ನೆಲಕ್ಕೆ ಬಿದ್ದ ಮೇಲೆ.

ಮೊದಲ ಎರಡು ಕಡೆ ಮರ ಉಳಿಯಲು ಕಾರಣವೇನು? ಒಂದು ಕಡೆ ರಾಜಧಾನಿಯ ಸಾವಿರಾರು ಜನ, ಇನ್ನೊಂದು ಕಡೆ ದೇಶವೇ ಬಲ್ಲ ಒಬ್ಬ ತಾಯಿ. ಮೂರನೆಯ ಕಡೆ ಕೇಳಲು ಯಾರಿಗೂ ಸಮಯವೇ ಸಿಗಲಿಲ್ಲ. ಹಾಗಾದರೆ ಸಾವಿರ ಜನರೂ ಇಲ್ಲದ, ಪದ್ಮಶ್ರೀ ಪಡೆದವರೂ ಇಲ್ಲದ, ನೆಟ್ಟವರ ಹೆಸರೇ ಮರೆತುಹೋಗಿರುವ ನಮ್ಮ ಊರುಗಳ ಹತ್ತು ಇಪ್ಪತ್ತು ಮರಗಳ ಪರವಾಗಿ ಮಾತನಾಡುವವರು ಯಾರು?

ಬದಲಿ ಸಸಿಯ ಲೆಕ್ಕ

ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಮಾತು ಒಳ್ಳೆಯದೇ. ಆದರೆ ಸಸಿ ಮರವಾಗಿ ನೆರಳು ಕೊಡಲು ಒಂದು ತಲೆಮಾರು ಬೇಕು, ಮತ್ತು ಆ ಸಸಿಗಳನ್ನು ನೆಡುವುದು ಸಾಮಾನ್ಯವಾಗಿ ಬೇರೆಲ್ಲೋ. ಸಂತೆಗೆ ಸೊಪ್ಪು ತಂದು ರಸ್ತೆಬದಿಯಲ್ಲಿ ಕೂರುವ ಹೆಂಗಸಿಗೆ, ಶಾಲೆಯಿಂದ ನಡೆದು ಬರುವ ಮಗುವಿಗೆ ಹತ್ತು ಮೈಲಿ ಆಚೆಯ ಸಸಿಯಿಂದ ಏನು ಪ್ರಯೋಜನ? ಮರವನ್ನೇ ಕಿತ್ತು ಬೇರೆಡೆ ನೆಡಬಹುದು ಎನ್ನುವವರೂ ಇದ್ದಾರೆ. ಆಲ, ಅರಳಿಯ ಜಾತಿಗೆ ಅದು ಒಗ್ಗಬಹುದು. ಆಳಕ್ಕೆ ತಾಯಿಬೇರು ಇಳಿಸಿದ ಮರಗಳು ಬದುಕುವುದು ಕಷ್ಟ.

ಮರ ಬೀಳುವ ಭಯ ಸುಳ್ಳಲ್ಲ. ಆದರೆ ಅನೇಕ ಮರಗಳು ಬೀಳುವುದು ಮುಪ್ಪಿನಿಂದಲ್ಲ. ಬುಡದವರೆಗೆ ಕಾಂಕ್ರೀಟು ಹಾಕಿದಾಗ ಬೇರಿಗೆ ನೀರು, ಗಾಳಿ ಸಿಗುವುದಿಲ್ಲ. ಚರಂಡಿಗೆ, ಕೇಬಲ್ಲಿಗೆ ಅಗೆಯುವಾಗ ಒಂದು ಬದಿಯ ಬೇರು ಕತ್ತರಿಸಿಹೋಗುತ್ತದೆ. ತಂತಿಗಾಗಿ ಒಂದೇ ಮಗ್ಗುಲಿನ ಕೊಂಬೆ ಸವರಿದಾಗ ಭಾರ ಇನ್ನೊಂದು ಕಡೆಗೆ ವಾಲುತ್ತದೆ. ಮಳೆಗಾಲದಲ್ಲಿ ಮಣ್ಣು ಸಡಿಲವಾದಾಗ ಅದು ಬೀಳುತ್ತದೆ. ಆಗ ಅಪರಾಧಿ ಮರವಾಗುತ್ತದೆ!

ನಾವು ಮಾಡಬೇಕಾದುದೇನು?

ಪ್ರತಿ ಮರವನ್ನೂ ಉಳಿಸಲೇಬೇಕೆಂದು ನಾವು ಹೇಳುವುದಿಲ್ಲ. ಟೊಳ್ಳಾದ ಮರ ಶಾಲೆಯ ಮೇಲೆ ಬಾಗಿದ್ದರೆ ಅದನ್ನು ತೆಗೆಯುವುದು ಪುಣ್ಯದ ಕೆಲಸವೇ. ಆದರೆ 'ರಸ್ತೆಗಾಗಿ ಇಷ್ಟು ಮರ' ಎಂಬ ಒಟ್ಟು ಲೆಕ್ಕ ನಿಲ್ಲಬೇಕು. ಯಾವ ಮರ, ಯಾವ ಜಾತಿ, ಯಾವ ಕಾರಣ ಎಂಬ ಒಂದೊಂದರ ವಿಚಾರ ಆಗಬೇಕು. ಐವತ್ತರ ಒಳಗಿನ ಸಂಖ್ಯೆಗೂ ಆ ಪಟ್ಟಿ ಕೊಡಲಿ ಬರುವ ಮೊದಲೇ ಗ್ರಾಮಸಭೆಯ ಮುಂದೆ, ಪಟ್ಟಣವಾದರೆ ವಾರ್ಡಿನ ಜನರ ಮುಂದೆ ಬರಬೇಕು. ಇಲಾಖೆ ತಾನಾಗಿ ತರದಿದ್ದರೆ ಕೇಳುವ ಹಕ್ಕು ನಮಗಿದೆ. ಪಂಚಾಯತಿಗೆ ಒಂದು ಅರ್ಜಿ ಕೊಡಲು, ಮಾಹಿತಿ ಹಕ್ಕಿನಡಿ ಒಂದು ಪ್ರಶ್ನೆ ಕೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಆ ಸಭೆಯಲ್ಲಿ ವಾಹನವಿದ್ದವರು ಮಾತ್ರವಲ್ಲ, ನಡೆದು ಬರುವವರೂ ಕೂರಬೇಕು. ನಮ್ಮ ಮಸೀದಿ, ದೇವಾಲಯ, ಇಗರ್ಜಿಗಳ ಸಮಿತಿಗಳು ತಮ್ಮ ಮುಂದಿನ ರಸ್ತೆಯ ಮರಗಳನ್ನು ಎಣಿಸಿ, ಸಸಿ ನೆಟ್ಟು ಮೂರು ಬೇಸಿಗೆ ನೀರು ಹಾಕುವ ಹೊಣೆ ಹೊರಬಹುದು.

ಅಶೋಕನ ಆಲದ ಮರಗಳು ಇಂದಿಲ್ಲ. ಶೇರ್ ಷಾನ ಸಾಲುಮರಗಳೂ ಇಲ್ಲ. ಮರ ಶಾಶ್ವತವಲ್ಲ. ಆದರೆ ಒಂದು ಮರ ಹೋಗುವ ಮುನ್ನ ಇನ್ನೊಂದನ್ನು ಅದೇ ದಾರಿಯಲ್ಲಿ ನೆಡುವ ಜನ ಇದ್ದುದರಿಂದಲೇ ನಮಗೆ ಇಷ್ಟು ನೆರಳು ದೊರೆತಿದೆ. ಮುಂದೆ ಈ ದಾರಿಯಲ್ಲಿ ಬರುವವರಿಗೂ ಅದು ದೊರೆಯಬೇಕು.