ಬೈಕ್ ಇನ್ಶೂರೆನ್ಸ್: ಚೌಕಾಸಿ ಶುರುವಾದದ್ದು ಯಾವಾಗ?

"ಎಲ್ಲಿ ಕಡಿಮೆಗೆ ಮಾಡಿಕೊಡ್ತಾರೆ?" ಬೈಕಿನ ವಿಮೆ ಮುಗಿಯುವ ಹೊತ್ತಿಗೆ ನಮ್ಮೂರುಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ನಮ್ಮ ಅಪ್ಪಂದಿರ ಕಾಲದಲ್ಲಿ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ.

1939ರ ಮೋಟಾರು ವಾಹನ ಕಾಯ್ದೆ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ಆ ಭಾಗ ಜಾರಿಗೆ ಬಂದದ್ದು 1946ರಲ್ಲಿ. ಅದರ ಉದ್ದೇಶ ಗಾಡಿ ಮಾಲೀಕನ ರಕ್ಷಣೆಗಿಂತ ಗಾಡಿಗೆ ಸಿಕ್ಕವರಿಗೆ ಪರಿಹಾರ ಕೊಡಿಸುವುದು. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು 107 ಸಂಸ್ಥೆಗಳು ನಾಲ್ಕು ಕಂಪನಿಗಳಾದವು. ಎಲ್ಲಿ ಹೋದರೂ ಒಂದೇ ದರಪಟ್ಟಿ. 2000ದಲ್ಲಿ ಖಾಸಗಿಯವರು ಬಂದ ಮೇಲೂ ದರಪಟ್ಟಿ ಹೋಗಲಿಲ್ಲ.

2007ರ ಜನವರಿಯಿಂದ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಭಾಗದ ದರ ಮಾತ್ರ ಮುಕ್ತವಾಯಿತು. ಚೌಕಾಸಿ ಹುಟ್ಟಿದ್ದು ಅಲ್ಲಿ. ಈಗಲೂ ನಾವು ಹೋಲಿಸಿ ನೋಡಬೇಕಾದದ್ದು ಆ ಭಾಗವನ್ನೇ. ಗಾಡಿಯ ಬೆಲೆಯನ್ನೇ ಇಳಿಸಿ ಪ್ರೀಮಿಯಂ ಅಗ್ಗ ಮಾಡಿದ್ದಾರೆಯೇ ಎಂದೂ ನೋಡಬೇಕು.

ಥರ್ಡ್ ಪಾರ್ಟಿ ದರ ಇಂದಿಗೂ ಸರ್ಕಾರದ್ದು. 2022ರಲ್ಲಿ ನಿಗದಿಯಾದಂತೆ 75 ಸಿಸಿ ದಾಟಿದ, 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ, ಮೇಲೆ ತೆರಿಗೆ. ಇದನ್ನೇ ಅರ್ಧಕ್ಕೆ ಕೊಡುತ್ತೇನೆ ಎನ್ನುವವರ ಪಾಲಿಸಿಯನ್ನು ನಂಬುವಂತಿಲ್ಲ.

ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆರನೇ ವರ್ಷ ಅದನ್ನು ಮರೆತರೆ ಪೊಲೀಸರ ದಂಡ 2,000 ರೂಪಾಯಿಯೇ ಇರಬಹುದು. ಆದರೆ ಯಾರಿಗಾದರೂ ಗುದ್ದಿದರೆ ಪರಿಹಾರದ ಲಕ್ಷಗಳನ್ನು ಮಾಲೀಕನೇ ಕಟ್ಟಬೇಕು. ಅವನ ಕೈಲಾಗದಿದ್ದರೆ ನಷ್ಟ ಗಾಯಾಳುವಿನ ಮನೆಗೆ. ಕಾಯ್ದೆ ಹುಟ್ಟಿದ್ದೇ ಅದನ್ನು ತಪ್ಪಿಸಲು.